ಊರಿಗೊಂದು ಜಗಳ ಬೇಕಿತ್ತು

2008 ಜುಲೈ 1, ಮಂಗಳವಾರ

ತಾಳವಾಡಿಯ ಬೀಜದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಜನವರಿ, ಫೆಬ್ರವರಿ ಎರಡನ್ನೂ ನನ್ನ ಹೆಂಡತಿ ಶಿವಮಲ್ಲಮ್ಮ ಆಗಲೇ ಒಲೆ ಹೊತ್ತಿಸಲು ಬಳಸಿಬಿಟ್ಟಿದ್ದಾಳೆ. ಮಿಕ್ಕ ತಿಂಗಳುಗಳನ್ನು ಇವತ್ತು ಅವಳ ಕೈಯಿಂದ ಕಿತ್ತುಕೊಂಡೆ. ಊರಿನಲ್ಲಿ ಬರೆದಿಡುವಂಥದ್ದು ಏನೋ ಶುರುವಾಗಿದೆ, ಅದರ ನಟ್ಟನಡುವೆ ನಾನಿದ್ದೇನೆ.

ಬೆಳಿಗ್ಗೆ ಘಾಟಿ ಹತ್ತಿಕೊಂಡು ಒಬ್ಬ ಆಫೀಸರ್ ಜೀಪಿನಲ್ಲಿ ಬಂದರು. ತಮಿಳಿನವರು. ದಿಂಬಂ ತಿರುವುಗಳಲ್ಲಿ ಹೊಟ್ಟೆ ತೊಳೆಸಿ ಹೋಗಿದ್ದರಿಂದ ಅರ್ಧ ಗಂಟೆ ನಿಂಬೆಹಣ್ಣು ಮೂಸುತ್ತ ಸುಮ್ಮನೆ ಕೂತಿದ್ದರು. ಆಮೇಲೆ ವಿಷಯ ಹೇಳಿದರು. ಬೇರೆ ಬೇರೆ ಮತದವರು ಸೌಹಾರ್ದದಿಂದ ಬಾಳುವ ಒಂದು ಊರನ್ನು ಸರ್ಕಾರದವರು ಈ ಸಲ ಆರಿಸುತ್ತಾರಂತೆ. ಆ ಊರಿನವರು ಕೇಳಿದ ಯಾವುದಾದರೂ ಒಂದು ಸೌಕರ್ಯವನ್ನು ಮಾಡಿಕೊಡುತ್ತಾರಂತೆ.

ನಮ್ಮ ಕರಿಕಲ್ದೊಡ್ಡಿಗೆ ಬೇಕಾಗಿರುವುದು ಬಸ್ಸು. ಪಣಕಹಳ್ಳಿ ರಸ್ತೆಯ ಕವಲಿನಲ್ಲಿ ಬಸ್ಸು ನಮ್ಮನ್ನು ಇಳಿಸಿ ಹೋಗಿಬಿಡುತ್ತದೆ. ಅಲ್ಲಿಂದ ಮೂರು ಕಿಲೋಮೀಟರು ನಡಿಗೆ. ಕೋಸಿನ ಮೂಟೆಯನ್ನೂ, ಹೆರಿಗೆಗೆ ಹೊರಟ ಹೆಂಗಸರನ್ನೂ ಅಲ್ಲಿಯವರೆಗೆ ನಾವೇ ಸಾಗಿಸಬೇಕು. ಬಸ್ಸಿಗಾಗಿ ಆರು ಸಲ ಅರ್ಜಿ ಕೊಟ್ಟಾಗಿದೆ. ಅರ್ಜಿ ಕೊಡಲು ಹೋದವರಿಗೂ ವಾಪಸ್ ಬರಲು ಬಸ್ಸು ಸಿಕ್ಕಿರಲಿಲ್ಲ.

ಆಫೀಸರ್ ಕೊಟ್ಟ ಫಾರಂ ತುಂಬುವ ಕೆಲಸ ನನಗೇ ಬಂತು. ನಾನು ಹಾಲಿನ ಸೊಸೈಟಿಯ ಕಾರ್ಯದರ್ಶಿ. ಕನ್ನಡ, ತಮಿಳು ಎರಡರಲ್ಲೂ ನನ್ನ ಅಕ್ಷರ ಮುದ್ದಾಗಿದೆ. ಹಾಗಂತ ನಾನು ಹೇಳುವುದಲ್ಲ, ಊರಿನ ಯಜಮಾನರಾದ ಬೊಮ್ಮಯ್ಯನವರೇ ಎಲ್ಲರ ಮುಂದೆ ಹೇಳಿದರು. ನಾನು ಬೇಡ ಬೇಡ ಅನ್ನುತ್ತಲೇ ಪೆನ್ನು ತೆಗೆದೆ.

ಜುಲೈ 3, ಗುರುವಾರ

ಮನೆ ಮನೆ ತಿರುಗಿ ಮತದ ಪಟ್ಟಿ ಮಾಡಿದೆ. ಹುಟ್ಟಿದಾಗಿನಿಂದ ನೋಡಿದ ಮುಖಗಳೇ. ಆದರೂ ಬಾಗಿಲಲ್ಲಿ ನಿಂತು "ನಿಮ್ದು ಯಾವ ಮತ?" ಅಂತ ಕೇಳಬೇಕಾಯಿತು. ಫಾರಂನಲ್ಲಿ ಹಾಗೇ ಇದೆ. ಬಡಗಿ ಚೌರಪ್ಪ, "ಯಾಕ್ಲಾ ರಂಗಸ್ವಾಮಿ, ತಲ ಗಿಲ ಕೆಟ್ಟೋಯ್ತಾ? ಮೊನ್ನ ತಾನೆ ನಮ್ ಚರ್ಚಲಿ ಕೇಕ್ ತಿಂದಿದ್ದೀಯ," ಅಂದ.

ಕಷ್ಟವಾಗಿದ್ದು ದೊಡ್ಡತಾಯಮ್ಮನ ಮನೆಯಲ್ಲಿ. ಎಂಬತ್ತು ದಾಟಿದ ಮುದುಕಿ. ಮಾರಮ್ಮನ ಗುಡಿಗೆ ಸಂಜೆ ದೀಪ ಹಚ್ಚುವುದು ಅವಳೇ. ಕೊರಳಲ್ಲಿ ದರ್ಗಾದ ತಾಯಿತ. ಗೋಡೆಯಲ್ಲಿ ಮಾತೆ ಮೇರಿಯ ಪಟ, ಅದಕ್ಕೂ ಕನಕಾಂಬರ. ಫಾರಂನ ಮೂರು ಚೌಕಗಳಲ್ಲಿ ಯಾವುದರಲ್ಲಿ ಗುರುತು ಹಾಕಲಿ ಅಂದರೆ, "ಮೂರರಲ್ಲೂ ಆಕು ಮಗ. ಕೊನೆ ಗಳಿಗೇಲಿ ಯಾರಾದ್ರೂ ಒಬ್ರು ಕೈ ಬುಟ್ರೆ?" ಅಂದಳು. ಒಂದೇ ಹಾಕಬೇಕಂತೆ ಅಜ್ಜಿ ಅಂದೆ. ಹಾಗಾದರೆ ಆ ಆಫೀಸರ್ ಒಂದೇ ಹೊತ್ತು ಉಣ್ಣುತ್ತಾನಾ ಅಂತ ಕೇಳಿದಳು.

ಕೊನೆಗೆ ಪಟ್ಟಿ ಆಯಿತು. ಹಿಂದೂ ನಲವತ್ತಮೂರು ಮನೆ, ಕ್ರಿಶ್ಚಿಯನ್ ಹನ್ನೆರಡು, ಮುಸ್ಲಿಂ ಒಂಬತ್ತು. ದೊಡ್ಡತಾಯಮ್ಮನನ್ನು ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ಸಂಜೆ ಪ್ಯಾರು ಬಂದಿದ್ದ. ಪ್ಯಾರೇಜಾನ್ ಅಂತ ಪೂರ್ತಿ ಹೆಸರನ್ನು ನಾನು ಬರೆದಿದ್ದು ಇವತ್ತೇ ಮೊದಲು. ಅವನ ಹತ್ತಿರ ಒಂದು ಎತ್ತು, ಕೆಂದ. ನನ್ನ ಹತ್ತಿರ ಒಂದು, ಬಿಳಿಯ. ಎರಡೂ ಸೇರಿ ಒಂದು ಜೋಡಿ. ಒಂದು ದಿನ ಅವನ ಹೊಲ, ಒಂದು ದಿನ ನನ್ನದು. ನೊಗ ಅವನ ಮನೆಯಲ್ಲಿ ಇರುತ್ತದೆ, ನೇಗಿಲು ನನ್ನ ಮನೆಯಲ್ಲಿ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ. ನಮ್ಮಿಬ್ಬರ ಹೊಲವೂ ಹಳ್ಳದ ಆಚೆ, ಇಳಿಜಾರಿನಲ್ಲಿ ಇವೆ. ಟ್ರ್ಯಾಕ್ಟರ್ ಅಲ್ಲಿಗೆ ಇಳಿಯುವುದಿಲ್ಲ. ಮಳೆ ಬಿದ್ದ ಕೂಡಲೇ ರಾಗಿಗೆ ಉಳಬೇಕು ಅಂತ ಮಾತಾಡಿಕೊಂಡೆವು.

ಜುಲೈ 5, ಶನಿವಾರ

ಫಾರಂ ವಾಪಸ್ ಬಂದಿದೆ. ಏಳನೇ ಪ್ರಶ್ನೆ ಹೀಗಿತ್ತು: ನಿಮ್ಮ ಊರಿನಲ್ಲಿ ಮತಗಳ ನಡುವೆ ನಡೆದ ಜಗಳ ಯಾವುದು, ಅದನ್ನು ಹೇಗೆ ಬಗೆಹರಿಸಿಕೊಂಡಿರಿ? ನಾನು ನನ್ನ ಮುದ್ದಾದ ಅಕ್ಷರದಲ್ಲಿ "ಇಲ್ಲ" ಅಂತ ಬರೆದಿದ್ದೆ.

ಆಫೀಸರ್ ಬೊಮ್ಮಯ್ಯನವರಿಗೆ ಫೋನ್ ಮಾಡಿದ್ದರಂತೆ. ಜಗಳವೇ ಇಲ್ಲದಿದ್ದರೆ ಸೌಹಾರ್ದ ಇದೆ ಅಂತ ಮೇಲಿನವರಿಗೆ ಹೇಗೆ ತೋರಿಸುವುದು ಅಂದರಂತೆ. ಇನ್ನೊಂದು ಊರಿನವರು ಎರಡು ಪುಟ ಜಗಳ ಬರೆದು, ಬ್ಯಾಂಡೇಜ್ ಹಾಕಿಕೊಂಡವನ ಫೋಟೋ ಸಮೇತ ಕಳಿಸಿದ್ದಾರಂತೆ. ಹದಿಮೂರನೇ ತಾರೀಕು ತಾವೇ ಬಂದು ನೋಡುತ್ತಾರಂತೆ.

"ಎಂಥ ದಂಡದ ಊರ್ಲಾ ಇದು!" ಅಂತ ಬೊಮ್ಮಯ್ಯನವರು ನನ್ನ ಮೇಲೆ ರೇಗಿದರು. "ಇಷ್ಟು ವರ್ಸದಲ್ಲಿ ಒಂದ್ ಜಗಳ ಮಾಡಕಾಗಿಲ್ವಲ್ಲ ನಿಮ್ಗ!"

ಜುಲೈ 6, ಭಾನುವಾರ

ಹುಣಸೆ ಮರದ ಕೆಳಗೆ ಊರಿನವರೆಲ್ಲ ಸೇರಿ ಒಂದು ಜಗಳ ಹುಡುಕಿದೆವು. ಬೆಳಿಗ್ಗೆ ಕೂತವರು ಮಧ್ಯಾಹ್ನ ಎದ್ದೆವು.

ನಮ್ಮೂರಿನಲ್ಲಿ ಜಗಳ ಇಲ್ಲ ಅಂತಲ್ಲ. ಬದುವಿನ ಜಗಳ, ಕೋಳಿಯ ಜಗಳ, ಸರ್ಕಾರ ಕೊಟ್ಟ ಕಲರ್ ಟಿವಿಯಲ್ಲಿ ಯಾವ ಸೀರಿಯಲ್ ನೋಡಬೇಕು ಅನ್ನುವ ಜಗಳ, ಎಲ್ಲ ಇವೆ. ಆದರೆ ಎಲ್ಲವೂ ಅಣ್ಣ ತಮ್ಮಂದಿರ ಒಳಗೆ. ಹಿಂದೂಗಳು ಹಿಂದೂಗಳ ಜೊತೆ, ಮುಸ್ಲಿಮರು ಮುಸ್ಲಿಮರ ಜೊತೆ. ಮತ ದಾಟಿ ಹೋಗಿ ಜಗಳ ಆಡುವಷ್ಟು ಬಿಡುವು ಯಾರಿಗೂ ಸಿಕ್ಕಿಲ್ಲ.

ಕೊನೆಗೆ ನಾವು ಕೂತಿದ್ದ ಹುಣಸೆ ಮರವನ್ನೇ ಆರಿಸಿದೆವು. ಅದರ ಒಂದು ಪಕ್ಕ ಮಾರಮ್ಮನ ಗುಡಿ, ಇನ್ನೊಂದು ಪಕ್ಕ ಮಸೀದಿ, ಬುಡದಲ್ಲಿ ಚೌರಪ್ಪ ಮರ ಕೊಯ್ಯುವ ಜಾಗ. ಹಣ್ಣನ್ನು ವರ್ಷಕ್ಕೊಮ್ಮೆ ಎಲ್ಲರೂ ಬಡಿದು ಹಂಚಿಕೊಳ್ಳುತ್ತೇವೆ. ಈ ಮರ ಯಾರದು ಅನ್ನುವುದೇ ಜಗಳ ಅಂತ ತೀರ್ಮಾನವಾಯಿತು. ಹಿಂದೂಗಳ ಪರವಾಗಿ ನಾನು. ಮುಸ್ಲಿಮರ ಪರವಾಗಿ ಪ್ಯಾರು. ನಡುವೆ ಬಂದು ಶಾಂತಿ ಮಾಡಿಸುವವನು ಕ್ರಿಶ್ಚಿಯನ್ನರ ಚೌರಪ್ಪ. ಬರೆಯುವವನು ನಾನೇ.

"ನಂಗ ಜಾಸ್ತಿ ಮಾತು ಬರಿಬ್ಯಾಡ ಕಣ್ಲಾ, ನೆನಪಿರದಿಲ್ಲ," ಅಂದ ಪ್ಯಾರು.

ಜುಲೈ 9, ಬುಧವಾರ

ಮೂರು ದಿನದಿಂದ ತಾಲೀಮು. ನಾನು "ಈ ಮರ ನಮ್ಮ ತಾಯಿ ಮಾರಮ್ಮನದು!" ಅಂತ ಗುಡುಗಬೇಕು. ಪ್ಯಾರು "ಇದರ ನೆರಳು ನಮ್ಮ ಮಸೀದಿಯದು!" ಅಂತ ಉತ್ತರ ಕೊಡಬೇಕು. ನಾನು ಬರೆದ ಮಾತನ್ನು ಅವನು ಹೇಳುವಾಗ ತಂಗಿಯ ಮದುವೆಗೆ ಕರೆಯಲು ಬಂದವನ ಹಾಗೆ ಕೇಳಿಸುತ್ತದೆ. ಎದೆ ಸೆಟೆಸು ಅಂದರೆ ಬೆನ್ನು ಕೆರೆದುಕೊಳ್ಳುತ್ತಾನೆ.

ಚೌರಪ್ಪನದು ಇನ್ನೊಂದು ಅವಸ್ಥೆ. ಇಪ್ಪತ್ತು ವರ್ಷದಿಂದ ಕ್ರಿಸ್ಮಸ್ ನಾಟಕದಲ್ಲಿ ಅವನದು ಕೆಟ್ಟ ರಾಜನ ಪಾತ್ರ. "ಸೋದರರೇ, ಶಾಂತಿ!" ಅಂತ ಮೆಲ್ಲಗೆ ಹೇಳಬೇಕಾದಲ್ಲಿ ಕಣ್ಣು ಕೆಂಪು ಮಾಡಿ, ಮೀಸೆ ಹುರಿ ಮಾಡಿ, ತಲೆ ಕಡಿಸುವವನ ಹಾಗೆ ಅಬ್ಬರಿಸುತ್ತಾನೆ. ದೊಡ್ಡತಾಯಮ್ಮ ಬೆಚ್ಚಿಬಿದ್ದು ಕೈಯಲ್ಲಿದ್ದ ದೀಪದ ಎಣ್ಣೆ ಚೆಲ್ಲಿಕೊಂಡಳು.

ಊರೆಲ್ಲ ನಗುತ್ತದೆ. ಈ ಜನಕ್ಕೆ ಕಲೆ ಅಂದರೇನು ಗೊತ್ತು?

ಜುಲೈ 13, ಭಾನುವಾರ

ಮುಗಿಯಿತು.

ಆಫೀಸರ್ ಬಂದರು, ಜೊತೆಗೆ ಕ್ಯಾಮೆರಾದವನೂ ಬಂದ. ನಾನು ನನ್ನ ಮಾತು ಸರಿಯಾಗಿ ಹೇಳಿದೆ. ಪ್ಯಾರೇಜಾನ್ ಅವನದನ್ನು ನಗುತ್ತ ಹೇಳಿದ. ಸುತ್ತ ನಿಂತವರೂ ನಕ್ಕರು. ಆಫೀಸರ್ ಮುಖ ಗಂಟಿಕ್ಕಿ, "ಎನ್ನ ಇದು, ನಾಟಕಮಾ?" ಅಂದರು. ಬೊಮ್ಮಯ್ಯನವರು ಹಿಂದಿನಿಂದ ಪ್ಯಾರೇಜಾನನ ಅಂಗಿ ಜಗ್ಗಿ, "ಜೋರಾಗ್ಲಾ, ಬಸ್ಸು ಓಯ್ತದ!" ಅಂದಿದ್ದು ನನಗೇ ಕೇಳಿಸಿತು.

ಆಗ ಅವನು ನಾನು ಬರೆಯದೇ ಇದ್ದ ಮಾತು ತೆಗೆದ. "ಮರ ಇರ್ಲಿ ಬುಡ್ಲಾ. ನಿನ್ ಬಿಳಿಯ ಒಂದ್ ದಿನ್ವಾದ್ರೂ ನೆಟ್ಟಗ ಎಳ್ದದಾ? ಒಂಬತ್ತು ವರ್ಸದಿಂದ ಸುಮ್ನ ನಡ್ಕ ಬತ್ತದ ಅಷ್ಟೇ. ನಿನ್ ಒಲಾನೂ ನನ್ ಕೆಂದನೇ ಉತ್ತಿರದು!"

ಊರಿನ ಮುಂದೆ ನನ್ನ ಎತ್ತನ್ನು ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಾನೂ ಒಂದು ಮಾತು ಅಂದೆ. ಏನಂದೆ ಅನ್ನುವುದು ಈಗ ಸರಿಯಾಗಿ ನೆನಪಿಲ್ಲ.

ಸುತ್ತ ನಿಂತವರ ನಗು ನಿಂತುಹೋಯಿತು. ಆಫೀಸರ್ ಮಾತ್ರ ಖುಷಿಯಾಗಿ ಬರೆದುಕೊಂಡರು. ಚೌರಪ್ಪ ನುಗ್ಗಿ ಬಂದು "ಸೋದರರೇ, ಶಾಂತಿ!" ಅಂತ ಅಬ್ಬರಿಸುವ ಹೊತ್ತಿಗೆ ಪ್ಯಾರೇಜಾನ್ ಅಲ್ಲಿ ಇರಲಿಲ್ಲ. ತಬ್ಬಿಕೊಳ್ಳುವ ದೃಶ್ಯ ಆಗಲೇ ಇಲ್ಲ. ಜಗಳ ಬಹಳ ಸಹಜವಾಗಿದೆ, ರಾಜಿಯನ್ನು ಇಪ್ಪತ್ತೇಳಕ್ಕೆ ಬಂದು ನೋಡುತ್ತೇನೆ, ಫೋಟೋ ಬೇಕೇ ಬೇಕು ಅಂತ ಹೇಳಿ ಆಫೀಸರ್ ನಿಂಬೆಹಣ್ಣು ಕೇಳಿ ತೆಗೆದುಕೊಂಡು ಹೋದರು.

ಜುಲೈ 14, ಸೋಮವಾರ

ನೆನಪಿದೆ. "ನಿಮ್ ಜನಾನೇ ಇಷ್ಟು, ನಂಬಂಗಿಲ್ಲ" ಅಂದೆ. ಕೋಪದಲ್ಲಿ ಬಾಯಿಗೆ ಬಂದ ಮಾತು. ಅದೇನು ದೊಡ್ಡದಲ್ಲ. ಎತ್ತನ್ನು ಅಂದದ್ದು ದೊಡ್ಡದು.

ಜುಲೈ 16, ಬುಧವಾರ

ಬೆಳಗಿನ ಜಾವದಿಂದ ಹದವಾದ ಮಳೆ. ಎಲ್ಲರೂ ನೊಗ ಹೊತ್ತು ಹೊಲಕ್ಕೆ ಹೋದರು. ನಾನು ನೇಗಿಲು ಹಿಡಿದು ಜಗಲಿಯಲ್ಲಿ ಕೂತಿದ್ದೆ. ನೊಗ ಮುಸ್ಲಿಂ ಬೀದಿಯಲ್ಲಿದೆ. ಅವನೂ ನೊಗ ಇಟ್ಟುಕೊಂಡು ಕೂತಿರುತ್ತಾನೆ. ಕೂತಿರಲಿ.

ಬಿಳಿಯ ಬೆಳಿಗ್ಗೆ ತಾನಾಗಿ ಎದ್ದು ಅವನ ಮನೆಯ ಕಡೆ ಹೊರಟಿತ್ತು. ಹಗ್ಗ ಹಿಡಿದು ಎಳೆದು ತಂದೆ. ಎಂಥ ಮಾನಗೆಟ್ಟ ಪ್ರಾಣಿ!

ಶಿವಮಲ್ಲಮ್ಮ ನುಗ್ಗೆಸೊಪ್ಪಿನ ಸಾರು ಮಾಡಿ, ಮುಚ್ಚಳ ಮುಚ್ಚಿ ಬೀಬಿಜಾನಳಿಗೆ ಕೊಟ್ಟು ಬಂದಳು. ಬೀಬಿಜಾನ್ ಅವನ ಹೆಂಡತಿ. ಬರುವಾಗ ಅದೇ ಪಾತ್ರೆಯಲ್ಲಿ ಒತ್ತು ಶಾವಿಗೆ. ನಾವು ಅವರ ಜೊತೆ ಮಾತು ಬಿಟ್ಟಿದ್ದೇವೆ ಅಂತ ಹೇಳಿದೆ. "ನೀವು ಬುಟ್ಟಿದ್ದೀರಿ. ನಮ್ಗ ಯಾರೂ ಏಳ್ನಿಲ್ಲ," ಅಂದಳು.

ಶಾವಿಗೆ ತಿಂದೆ. ಅನ್ನದ ಮೇಲೆ ಕೋಪ ಯಾಕೆ?

ಜುಲೈ 17, ಗುರುವಾರ

ಸೊಸೈಟಿಯಲ್ಲಿ ಬೆಳಗಿನ ಹಾಲು: ಹಿಂದೂ ಹಸುಗಳು ಎಂಬತ್ತೊಂದು ಲೀಟರ್, ಕ್ರಿಶ್ಚಿಯನ್ ಹಸುಗಳು ಇಪ್ಪತ್ತಾರು, ಮುಸ್ಲಿಂ ಹಸುಗಳು ಹತ್ತೊಂಬತ್ತು. ಈ ಲೆಕ್ಕ ಯಾರೂ ಕೇಳಿರಲಿಲ್ಲ. ಪಟ್ಟಿ ಮಾಡಿದ ಮೇಲೆ ಕೈ ತಾನಾಗಿಯೇ ಹಾಗೆ ಬರೆಯುತ್ತಿದೆ. ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದೆ. ನಮ್ಮಲ್ಲಿರುವುದೇ ಒಂದು ತೊಟ್ಟಿ.

ಹುಣಸೆ ಮರದ ಕಾಂಡಕ್ಕೆ ಯಾರೋ ನಡುಮಧ್ಯಕ್ಕೆ ಮೇಲಿನಿಂದ ಕೆಳಗೆ ಸುಣ್ಣದ ಗೆರೆ ಎಳೆದಿದ್ದಾರೆ. ತಮಾಷೆಗೆ ಇರಬೇಕು. ಆದರೆ ಯಾರೂ ಅಳಿಸಿಲ್ಲ. ಕ್ರಿಶ್ಚಿಯನ್ ಚೌರಪ್ಪ ತನ್ನ ಹಲಗೆ, ಉಳಿ, ಗರಗಸ ಎಲ್ಲ ಹೊತ್ತು ಮನೆಯ ಹಿತ್ತಲಿಗೆ ಹೋಗಿಬಿಟ್ಟ. "ನಂಗ ಯಾವ ಕಡೆ ಕೂರ್ಬೇಕು ಅಂತ ಗೊತ್ತಾಯ್ತಿಲ್ಲ," ಅಂದ.

ಜುಲೈ 19, ಶನಿವಾರ

ಇವತ್ತಿನ ಅವಮಾನವನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಇದನ್ನು ಓದುವವನು ನಾನೊಬ್ಬನೇ.

ನನ್ನ ಚಿಕ್ಕಪ್ಪನ ಮಗ ಮಾದೇಶನ ಹತ್ತಿರ ಹೊಸದಾಗಿ ತಂದ ಒಂಟಿ ಎತ್ತೊಂದಿದೆ. ನಮ್ಮವನ ಎತ್ತು ಇರುವಾಗ ಬೇರೆಯವರ ಹಂಗು ಯಾಕೆ ಅಂತ ಅದನ್ನೂ ಅವನ ನೊಗವನ್ನೂ ಕೇಳಿ ತಂದೆ. ಹಳ್ಳ ದಾಟಿಸಿ ಬಿಳಿಯನ ಪಕ್ಕ ಹೂಡಿದೆ. ಬಿಳಿಯ ಎಡಗಡೆ ಪಳಗಿದ ಎತ್ತು. ಕೆಂದ ಬಲಗಡೆಯದು. ಮಾದೇಶನ ಎತ್ತೂ ಎಡಗಡೆಯದೇ ಅನ್ನುವುದನ್ನು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ತನ್ನ ಜಾಗಕ್ಕೆ ಹೋಗಲು ಒತ್ತುತ್ತಲೇ ಇರುತ್ತದೆ. ಬಿಳಿಯ ಜಾಗ ಬಿಡಲಿಲ್ಲ. ಇದು ಒತ್ತುವುದು, ಅದು ತಿರುಗಿ ತಳ್ಳುವುದು. ಹೊಲದ ನಡುವೆ ಮೂರು ಸುತ್ತು ಸುತ್ತಿದೆವು. ನೆಟ್ಟಗೆ ಸಾಲು ಬರಬೇಕಾದಲ್ಲಿ ಕೋಡುಬಳೆ ಬಂತು. ಬದುವಿನ ಮೇಲೆ ನಿಂತು ಹತ್ತು ಹನ್ನೆರಡು ಜನ ನೋಡಿದರು. ಮೂರೂ ಮತದವರು ಇದ್ದರು.

ಆಚೆ ಹೊಲದಲ್ಲಿ ಪ್ಯಾರೇಜಾನ್ ಗುದ್ದಲಿ ಹಿಡಿದು ಒಬ್ಬನೇ ಅಗೆಯುತ್ತಿದ್ದ. ಈ ಕಡೆ ತಿರುಗಿ ನೋಡಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಜುಲೈ 20, ಭಾನುವಾರ

ಬೊಮ್ಮಯ್ಯನವರು ಪ್ಯಾರೇಜಾನನ ಮನೆಗೆ ಹೋಗಿ ಬಂದರು. ಇಪ್ಪತ್ತೇಳಕ್ಕೆ ಆಫೀಸರ್ ಮುಂದೆ ಒಂದು ಸಲ ತಬ್ಬಿಕೊಂಡುಬಿಡಿ, ಬಸ್ಸಿನ ಕೆಲಸ ಅಂತ ಕೇಳಿಕೊಂಡರಂತೆ. ಅವನು ಹೇಳಿದ್ದನ್ನು ಹಾಗೇ ಬಂದು ನನಗೆ ಹೇಳಿದರು. "ನಾಟಕ್ದಲ್ಲಿ ಎಷ್ಟೊತ್ತು ಬೇಕಾದ್ರೂ ತಬ್ಕತಿನಿ ಬೊಮ್ಮಯ್ಯಣ್ಣ. ಆದ್ರ ಅಂವನ ಜೊತಲಿ ಒಲ ಉಳಕ ಮಾತ್ರ ಬರಾಕಿಲ್ಲ."

"ಒಪ್ಕಂಡ ಕಣ್ಲಾ!" ಅಂತ ಬೊಮ್ಮಯ್ಯನವರು ಸಂತೋಷದಿಂದ ನನ್ನ ಭುಜ ತಟ್ಟಿದರು.

ನನಗೆ ಊಟ ಸೇರಲಿಲ್ಲ.

ಜುಲೈ 21, ಸೋಮವಾರ

ಮಳೆ. ಊರಿನಲ್ಲಿ ಬಿತ್ತನೆಯಾಗದ ಹೊಲ ಎರಡೇ ಉಳಿದಿವೆ.

ಜುಲೈ 22, ಮಂಗಳವಾರ

ಬೆಳಿಗ್ಗೆ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದೆ. ಸಾಲಿನಲ್ಲಿ ಬೀಬಿಜಾನ್, ಅವಳ ಹಿಂದೆ ಮಾದೇಶ. ಜಗಳ ಆದಾಗಿನಿಂದ ಅವಳು ನನ್ನ ಎದುರು ಕ್ಯಾನ್ ಇಟ್ಟು, ಅಳೆಯುವವರೆಗೂ ಗೋಡೆ ನೋಡುತ್ತ ನಿಲ್ಲುತ್ತಾಳೆ. ಮೊದಲಾದರೆ "ರಂಗಣ್ಣ, ಎಮ್ಮೆಗೇನಾದ್ರೂ ಕಣ್ಣಾಕಿದ್ದೀಯಾ, ಆಲು ಕಮ್ಮಿಯಾಗದ," ಅಂತ ಏನಾದರೂ ಕೀಟಲೆ ಮಾಡುತ್ತಿದ್ದಳು.

ನೀರು ಬೆರೆತಿದೆಯಾ ಅಂತ ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಅವಳ ಹಾಲಿಗೆ ಇಳಿಸಿದೆ. ನೋಡಲು ಕಡ್ಡಿಯನ್ನು ಸ್ವಲ್ಪ ಹೊತ್ತು ಹಿಡಿದೆ ಅಷ್ಟೇ. ಹಿಂದಿನಿಂದ ಮಾದೇಶ, "ಚೆನ್ನಾಗಿ ನೋಡಣ್ಣ, ನೀರು ಬೆರೆಸಿರ್ತಾರ. ಇವ್ರ ಜನಾನೇ ಇಷ್ಟು, ನಂಬಂಗಿಲ್ಲ," ಅಂದ.

ಬೀಬಿಜಾನ್ ಅವನ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದಳು. ಒಂಬತ್ತು ದಿನದಲ್ಲಿ ಅದೇ ಮೊದಲ ಸಲ ನನ್ನ ಮುಖ ನೋಡಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಲು ಸುರಿದು ಖಾಲಿ ಕ್ಯಾನ್ ಎತ್ತಿಕೊಂಡು ಹೋದಳು. ಹಾಲು ಗಟ್ಟಿಯಾಗಿತ್ತು, ಯಾವತ್ತಿನ ಹಾಗೆ.

ನಾನು ಮಾದೇಶನ ಮೇಲೆ ಕೂಗಾಡಿದೆ. ಎಲ್ಲಿ ಕಲಿತೆ ಇಂಥ ಮಾತು ಅಂದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀನೇ ಅಂದೆಯಲ್ಲಣ್ಣ ಆಫೀಸರ್ ಮುಂದ? ಚೆಂದಾಗಿತ್ತು, ನೆನಪಿಟ್ಕಂಡೆ," ಅಂದ.

ಆಮೇಲೆ ಅವನ ಹಾಲಿಗೆ ಕಡ್ಡಿ ಇಳಿಸಿದರೆ ಅದು ತಳ ಮುಟ್ಟಿತು. ಅಷ್ಟು ನೀರು. ನಮ್ಮ ಜನ.

ಮನೆಗೆ ಬಂದು ಶಿವಮಲ್ಲಮ್ಮನಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಲೇ, "ಅವತ್ತು ನೀವು ಎತ್ತಿಗ ಎತ್ತು ಅಂದಿದ್ರ ಸಂಜಗ ಸರಿಯೋಯ್ತಿತ್ತು. ಅಂವ ಅಂದದ್ದು ನಿಮ್ ಬಿಳಿಯನ್ನ. ನೀವು ಅಂದದ್ದು ಅಂವನ ಎಡ್ತಿ ಮಕ್ಕ, ಅವ್ರವ್ವ, ಸತ್ತೋಗಿರೋ ಅವ್ರಪ್ಪ, ಎಲ್ಲರ್ನೂವಾ. ಅವ್ರಪ್ಪ ನಿಮ್ನ ಎಗಲ ಮ್ಯಾಲ ಕೂರಿಸ್ಕಂಡು ಸಂತಗ ಕರ್ಕ ಓಯ್ತಿದ್ರಲ್ಲ, ಅವ್ರನ್ನೂವಾ," ಅಂದಳು.

ಒಂಬತ್ತು ದಿನದಿಂದ ಅದು ದೊಡ್ಡ ಮಾತಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಇವತ್ತು ಅದನ್ನು ಇನ್ನೊಬ್ಬನ ಬಾ​ಯಲ್ಲಿ ಕೇಳಿದೆ. ನಾಚಿಕೆಯಾಯಿತು. ಬರೆಯುವಾಗಲೂ ಆಗುತ್ತಿದೆ.

ಜುಲೈ 24, ಗುರುವಾರ

ನಿನ್ನೆ ಇಡೀ ದಿನ ಕೂತು ಕ್ಷಮೆ ಕೇಳುವ ಕಾಗದ ಬರೆದೆ. ನಾಲ್ಕು ಸಲ ಬರೆದು ಹರಿದೆ. ಐದನೆಯದು ಬಹಳ ಚೆನ್ನಾಗಿ ಬಂತು. "ಮಾನವ ಕುಲದ ಬಾಂಧವ್ಯ" ಅಂತೆಲ್ಲ ಇತ್ತು. ಅಕ್ಷರವಂತೂ ಅಚ್ಚು ಹಾಕಿದ ಹಾಗೆ ಇತ್ತು.

ಇವತ್ತು ಬೆಳಿಗ್ಗೆ ಅದನ್ನು ಹಿಡಿದು ಪ್ಯಾರೇಜಾನನ ಮನೆಗೆ ಹೋದೆ. ಅವನು ಕೊಟ್ಟಿಗೆಯಲ್ಲಿ ಕೆಂದನಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ನೋಡಿ ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ನಾನು ಗಂಟಲು ಸರಿ ಮಾಡಿಕೊಂಡು ಓದಲು ಶುರು ಮಾಡಿದೆ. ಎರಡು ಸಾಲು ಆಗಿತ್ತು.

"ಇದು ನೀನ್ ನಾಟಕಕ್ಕ ಬರ್ದಿದ್ದಾ, ಇಲ್ಲ ನಿಜವಾಗ್ಲೂ ಏಳ್ತಿದ್ದೀಯಾ?" ಅಂದ.

ಕಾಗದ ಹಿಡಿದ ಕೈಯನ್ನು ಕೆಳಗೆ ಬಿಟ್ಟೆ. ಕೆಂದ ಕತ್ತು ಚಾಚಿ ಅದನ್ನು ಕಿತ್ತುಕೊಂಡು ಹುಲ್ಲಿನ ಜೊತೆ ಅಗಿಯಿತು. ಎಳೆದರೆ ಮೂಲೆಯಷ್ಟು ನನ್ನ ಕೈಯಲ್ಲಿ ಉಳಿಯಿತು. ಅದರಲ್ಲಿ ನನ್ನ ಸಹಿ ಇತ್ತು.

ಬಾಯಿಪಾಠ ಇರಲಿಲ್ಲ. ಬಾಂಧವ್ಯ, ಗೀಂಧವ್ಯ ಯಾವುದೂ ನಾಲಿಗೆಗೆ ಬರಲಿಲ್ಲ. "ನಾ ಅಂದಿದ್ದು ತಪ್ಪು ಕಣ್ಲಾ ಪ್ಯಾರು. ಅನ್ನಬಾರ್ದಿತ್ತು," ಅಂದೆ. "ಮಾದೇಶ ಅದ್ನ ಬೀಬಿಜಾನವ್ವನ ಮುಂದ ಅಂದ. ನನ್ ಮುಂದನೇ ಅಂದ. ನಾನೇ ಕಲಿಸ್ದಂಗಾಯ್ತು."

ಅವನು ಕೆಂದನ ಬೆನ್ನು ತಿಕ್ಕಿದ. "ಆಯ್ತು, ಓಗು," ಅಂದ.

ಅಷ್ಟೇ. ಕೂರು ಅನ್ನಲಿಲ್ಲ. ಬೀಬಿಜಾನವ್ವ ಒಳಗಿನಿಂದ ಹೊರಗೆ ಬರಲೂ ಇಲ್ಲ. ಅವಳಿಗೆ ಕೇಳುವ ಹಾಗೆ ಬಾಗಿಲ ಹತ್ತಿರ ನಿಂತು ಇನ್ನೊಂದು ಸಲ ಹೇಳಿ ಬಂದೆ.

ಜುಲೈ 25, ಶುಕ್ರವಾರ

ಯಾರೂ ಬರಲಿಲ್ಲ. ಸಂಜೆ ಸೊಸೈಟಿಯಲ್ಲಿ ಮಾದೇಶನ ಹಾಲನ್ನು ಎರಡನೇ ಸಲ ವಾಪಸ್ ಕಳಿಸಿದೆ. ಹಾಲು ಅಳೆದದ್ದು ನೂರಿಪ್ಪತ್ತೆಂಟು ಲೀಟರ್. ಮಳೆಗೆ ಹುಣಸೆ ಮರದ ಸುಣ್ಣ ಮುಕ್ಕಾಲು ಪಾಲು ಇಳಿದುಹೋಗಿದೆ. ಉಳಿದಿದ್ದನ್ನು ದೊಡ್ಡತಾಯಮ್ಮ ತನ್ನ ಸೆರಗಿನಿಂದ ಒರೆಸುತ್ತಿದ್ದಳು. ನಾನು ಹೋಗಿ ಮೇಲಿನ ಭಾಗ ಒರೆಸಿದೆ, ಅವಳಿಗೆ ಎಟುಕುತ್ತಿರಲಿಲ್ಲ.

ಜುಲೈ 27, ಭಾನುವಾರ

ಕೈಗೆ ಬೊಬ್ಬೆ ಬಂದಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ಅಂಗಳದಲ್ಲಿ ಕೆಂದ ನಿಂತಿತ್ತು. ಹಿಂದೆ ಪ್ಯಾರು, ಹೆಗಲ ಮೇಲೆ ನೊಗ. "ಮಳ ನಿಂತೋದ್ರ ರಾಗಿ ಓಯ್ತದ. ನೇಗಿಲು ತಕ್ಕ ಬಾ," ಅಂದ. ನಾನು ಬಾಯಿ ತುಂಬ ನೊರೆ ಇಟ್ಟುಕೊಂಡೇ ತಲೆ ಆಡಿಸಿದೆ. ಬಿಳಿಯ ಆಗಲೇ ಹೋಗಿ ಕೆಂದನ ಎಡಗಡೆ ನಿಂತುಬಿಟ್ಟಿತ್ತು.

ಮೊದಲು ಅವನ ಹೊಲ ಅಂದೆ. ನಿನ್ನದು ಮೊದಲು ಅಂದ. ಒಂದು ಗಳಿಗೆ ಅದಕ್ಕೂ ಜಗಳವಾಯಿತು. ಕೊನೆಗೆ ಅವನದನ್ನೇ ಹೂಡಿದೆವು. ನಾನು ನೇಗಿಲ ಮೇಣಿ ಹಿಡಿದೆ, ಅವನು ಪಕ್ಕದಲ್ಲಿ ಕಲ್ಲು ಆರಿಸುತ್ತ ನಡೆದ.

ಹನ್ನೊಂದರ ಹೊತ್ತಿಗೆ ಬದುವಿನ ಮೇಲೆ ಜನ ಕಾಣಿಸಿದರು. ಆಫೀಸರ್, ಕ್ಯಾಮೆರಾದವನು, ಬೊಮ್ಮಯ್ಯನವರು, ಚೌರಪ್ಪ, ಅವರ ಹಿಂದೆ ಅರ್ಧ ಊರು. ಇವತ್ತು ಇಪ್ಪತ್ತೇಳು ಅನ್ನುವುದು ನಮ್ಮಿಬ್ಬರಿಗೂ ಮರೆತೇ ಹೋಗಿತ್ತು. ಮರದ ಹತ್ತಿರ ಬಂದು ತಬ್ಬಿಕೊಳ್ಳಿ ಅಂತ ಬೊಮ್ಮಯ್ಯನವರು ಟವೆಲ್ ಬೀಸಿ ಬೀಸಿ ಕರೆದರು.

"ಆಕಾಸ ನೋಡಿ ಬೊಮ್ಮಯ್ಯಣ್ಣ!" ಅಂತ ಪ್ಯಾರು ಕೂಗಿದ. "ಬಿತ್ತದು ಮುಗಿಲಿ, ಸಂಜಗ ತಬ್ಕತಿವಿ!"

ಆಫೀಸರಿಗೆ ಮಳೆ ಬರುವ ಮೊದಲು ಘಾಟಿ ಇಳಿಯಬೇಕಿತ್ತು. ಕ್ಯಾಮೆರಾದವನು ಅಲ್ಲಿಂದಲೇ ಒಂದು ಫೋಟೋ ತೆಗೆದ. ಅದರಲ್ಲಿ ಎರಡು ಎತ್ತು, ಎರಡು ಬೆನ್ನು ಬಿಟ್ಟು ಏನೂ ಇಲ್ಲವಂತೆ, ಯಾರು ಹಿಂದೂ ಯಾರು ಮುಸ್ಲಿಂ ಅಂತ ಗೊತ್ತಾಗುವುದಿಲ್ಲವಂತೆ. ಇದು ನಡೆಯುವುದಿಲ್ಲ ಅಂತ ಆಫೀಸರ್ ಜೀಪು ಹತ್ತಿದರು. ಬಸ್ಸು ಬ್ಯಾಂಡೇಜಿನ ಊರಿಗೆ ಹೋಯಿತು.

ಜೀಪು ಕಣ್ಮರೆಯಾದ ಮೇಲೆ ಕರಿಕಲ್ದೊಡ್ಡಿಯ ಸಮಸ್ತರೂ ಬದುವಿನ ಮೇಲೆ ಒಟ್ಟಾಗಿ ನಿಂತು ನಮ್ಮಿಬ್ಬರಿಗೂ ಛೀಮಾರಿ ಹಾಕಿದರು. ಚೌರಪ್ಪನ ರಾಜನ ಗಂಟಲು ಇವತ್ತು ಸಾರ್ಥಕವಾಯಿತು. ಊರಿನ ಒಗ್ಗಟ್ಟನ್ನು ನಾನು ಇಷ್ಟು ಗಟ್ಟಿಯಾಗಿ ಯಾವತ್ತೂ ನೋಡಿರಲಿಲ್ಲ. ಆಫೀಸರ್ ಅರ್ಧ ಗಂಟೆ ತಡೆದಿದ್ದರೆ ಫೋಟೋ ಸಿಗುತ್ತಿತ್ತು.

ಅವರೆಲ್ಲ ಹೋದರು. ನಾವು ಉಳುತ್ತಲೇ ಇದ್ದೆವು. ಸುಮಾರು ಹತ್ತು ಸಾಲು ಆದ ಮೇಲೆ ನಾನು ಎತ್ತುಗಳನ್ನು ಸರಿಯಾಗಿ ನೋಡಿದೆ. ನೊಗ ಕೆಂದನ ಕಡೆ ಒಂದು ಗೇಣು ಮುಂದೆ ಇತ್ತು. ಕೆಂದನ ಹೆಗಲು ಜಡ್ಡುಗಟ್ಟಿ ಕಪ್ಪಾಗಿತ್ತು. ಬಿಳಿಯನದು ಕರುವಿನ ಹೆಗಲಿನಷ್ಟು ನಯವಾಗಿತ್ತು. ಒಂಬತ್ತು ವರ್ಷ ಮೇಣಿ ಹಿಡಿದು ಹಿಂದೆಯೇ ನಡೆದಿದ್ದೇನೆ, ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ನೀನಂದದ್ದು ನಿಜ ಕಣ್ಲಾ. ಬಿಳಿಯ ಎಳೆಯಕಿಲ್ಲ," ಅಂದೆ.

"ಉಂ," ಅಂದ.

"ಮೊದ್ಲಿಂದ್ಲೂ ಗೊತ್ತಿತ್ತಾ?"

"ಮೊದಲ್ನೇ ವರ್ಸವೇ ಗೊತ್ತಾಯ್ತು."

"ಮತ್ತ ಯಾಕ್ಲಾ ಏಳ್ನಿಲ್ಲ?"

ಅವನು ಒಂದು ಕಲ್ಲು ಎತ್ತಿ ಬದುವಿಗೆ ಎಸೆದ. "ಏಳಿದ್ರ ನೀನು ಬಿಳಿಯನ್ನ ಮಾರ್ಬುಟ್ಟು ಬ್ಯಾರೆ ಎತ್ತು ತತ್ತಿದ್ದೆ. ಅದು ಬಲಗಡೆದಾಗಿದ್ರ? ಆಗ ಇನ್ಯಾರ ಜೊತಲೋ ಜೋಡಿ ಕಟ್ಕತಿದ್ದೆ."

ನನಗೆ ಕಣ್ಣು ತುಂಬಿ ಬಂತು. ಸಾಲು ಕಾಣಲಿಲ್ಲ, ನೇಗಿಲು ಸೊಟ್ಟ ಹೋಗಿ ಬದುವಿಗೆ ಗುದ್ದಿತು. ಪ್ಯಾರು ಬೈಯಲು ಶುರು ಮಾಡಿದವನು ಎತ್ತು ತಿರುಗಿಸಿ ಮತ್ತೆ ಸಾಲು ಹಿಡಿಯುವವರೆಗೂ ನಿಲ್ಲಿಸಲಿಲ್ಲ. ಕುರುಡ ಅಂದ, ಕೈಲಾಗದವನು ಅಂದ, ಅಕ್ಷರ ಒಂದು ಬಿಟ್ಟರೆ ಮತ್ತೇನೂ ನೆಟ್ಟಗೆ ಮಾಡಲು ಬಾರದ ದಂಡಪಿಂಡ ಅಂದ. ಅಷ್ಟೂ ಬೈಗುಳದಲ್ಲಿ ಒಂದು ಮಾತೂ ನಮ್ಮ ಜನಕ್ಕೆ ತಗಲಲಿಲ್ಲ. ಎಲ್ಲವೂ ನನ್ನೊಬ್ಬನಿಗೇ.